ಹಳದಿ ಸೋಗೆಯ ನಿದಾನ

ಪಶ್ಚಿಮಘಟ್ಟದ ನೆತ್ತಿಯಿಂದ ಪೂರ್ವಾಭಿಮುಖವಾಗಿ ಇಳಿದು ಬರುವ ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗುವುದಕ್ಕೆ ಮುಂಚೆ ತಂತಮ್ಮ ದಂಡೆಯ ಮೇಲೆ ಒಂದೊಂದು ಪಟ್ಟಣವನ್ನು ಬೆಳೆಸಿವೆ; ತುಂಗೆಯದು ಶಿವಮೊಗ್ಗ, ಭದ್ರೆಯದು ಭದ್ರಾವತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯು ನೂರು ಕಿಲೋಮೀಟರು ಸಾಗುವುದರೊಳಗೆ ಸಾವಿರದ ಆಸುಪಾಸಿಗೆ ಕುಗ್ಗುವ ಈ ಇಳಿಜಾರಿನಲ್ಲಿ, ಕಾಡು ಕಳೆದು ಬಯಲು ತೊಡಗುವ ಅಂಚಿನಲ್ಲಿ, ಈ ಎರಡು ಊರುಗಳೂ ನಿಂತಿರುವುದರಿಂದ ಮಲೆನಾಡಿನ ಅಡಕೆಗೆ ಅವು ಪೇಟೆಯೂ ಆದವು, ಕಾಲಕ್ರಮದಲ್ಲಿ ತೋಟವೂ ಆದವು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಹೆಸರುಗಳನ್ನು ಕೇಳಿದೊಡನೆ ಶಿವಮೊಗ್ಗೆಯ ಮಂಡಿಗಳನ್ನು ನೆನೆಯದ ಬೆಳೆಗಾರನಿಲ್ಲ. ಆದರೆ ಮಂಡಿಯ ಚರಿತ್ರೆಯನ್ನು ಬರೆದವರು ಧಾರಣೆಯ ಏರಿಳಿತವನ್ನು ಹೇಳಿದಷ್ಟು ವಿಸ್ತಾರವಾಗಿ, ಆ ಧಾರಣೆಯ ಹಿಂದೆ ಮರದ ತುದಿಯನ್ನು ನೋಡುತ್ತ ನಿಂತ ಕಣ್ಣುಗಳ ಚರಿತ್ರೆಯನ್ನು ಹೇಳಿದಂತಿಲ್ಲ.

ಅಡಕೆಯ ಮರಕ್ಕೆ ಬರುವ ಕೇಡುಗಳು ಅನೇಕ. ಅವುಗಳಲ್ಲಿ ಬಹುಪಾಲು ಬೆಳೆಗಾರನಿಗೆ ಗೋಚರವಾಗುವುದಾದರೋ ಸೋಗೆ ಹಳದಿಯಾಗುವುದೆಂಬ ಒಂದೇ ಚಿಹ್ನೆಯ ಮೂಲಕ. ನೀರು ಕಡಮೆಯಾದರೂ ಹಳದಿ, ನೀರು ನಿಂತರೂ ಹಳದಿ. ಬೇರಿಗೆ ಅಣಬೆ ಹತ್ತಿದರೂ ಹಳದಿ, ಸುಳಿಯಲ್ಲಿ ಕೊಳೆ ಸೇರಿದರೂ ಹಳದಿ. ಎಲೆಯಡಿಯಲ್ಲಿ ನುಸಿ ಕೂತರೂ ಹಳದಿ, ಭೂಮಿಯಲ್ಲಿ ಸಾರ ಸೋರಿಹೋದರೂ ಹಳದಿ. ಈ ಒಂದು ವರ್ಣವನ್ನು ಬೇರೆ ಬೇರೆ ಕಾರಣಗಳಾಗಿ ವಿಂಗಡಿಸಿದ ಪ್ರಯತ್ನವೇ ಈ ಸೀಮೆಯ ಸಸ್ಯರೋಗನಿದಾನದ ಇತಿಹಾಸ. ಮತ್ತು ಆ ವಿಂಗಡಣೆಯಲ್ಲಿ ಮುಂದಿಟ್ಟ ಪ್ರತಿಯೊಂದು ಹೆಜ್ಜೆಯೂ, ಯಾರೋ ಒಬ್ಬರು ಎಲೆಯನ್ನು ನೋಡುವುದನ್ನು ಬಿಟ್ಟು ಬೇರನ್ನೋ ಮಣ್ಣನ್ನೋ ಮಳೆಯನ್ನೋ ನೋಡಲು ತೊಡಗಿದಾಗ ಇಟ್ಟದ್ದೇ ಆಗಿದೆ.

ವೃಕ್ಷಗಳಿಗೂ ವೈದ್ಯವುಂಟೆಂಬ ಭಾವನೆ ನಮ್ಮಲ್ಲಿ ಹೊಸದಲ್ಲ. ಸಂಸ್ಕೃತದಲ್ಲಿ ಸುರಪಾಲನು ರಚಿಸಿದ ವೃಕ್ಷಾಯುರ್ವೇದವು ಗಿಡಮರಗಳ ಬೇನೆಗಳನ್ನು ವಾತ ಪಿತ್ತ ಕಫಗಳೆಂಬ ದೋಷತ್ರಯಕ್ಕೆ ಸೇರಿಸಿ, ಎಲೆ ಹಳದಿಯಾಗುವುದನ್ನು ಪಿತ್ತದ ಲಕ್ಷಣವೆಂದು ಎಣಿಸುತ್ತದೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವು ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆದಿಯಲ್ಲಿ ಸಂಗ್ರಹಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಆ ವಿದ್ಯೆಗೆ ಸ್ಥಾನವಿದೆ. ದೋಷತ್ರಯದ ಈ ಕಲ್ಪನೆಯನ್ನು ಇಂದು ಯಾರೂ ಒಪ್ಪಲಾರರಾದರೂ, ಅದರ ಹಿಂದಿರುವ ವಿವೇಕವನ್ನು ತಳ್ಳಿಹಾಕುವಂತಿಲ್ಲ: ಎಲೆಯಲ್ಲಿ ಕಾಣುವ ವಿಕಾರಕ್ಕೆ ಎಲೆಯೇ ಮೂಲವಲ್ಲ, ಅದು ಮರದ ಒಳಗಿನ ಯಾವುದೋ ಅಸಮತೆಯ ಸೂಚನೆ ಎಂಬುದನ್ನು ಆ ಗ್ರಂಥಕಾರರು ಚೆನ್ನಾಗಿ ಬಲ್ಲವರಾಗಿದ್ದರು.

ಶಾಸ್ತ್ರಗ್ರಂಥಗಳನ್ನು ಓದದ ತೋಟಿಗರು ಅದೇ ವಿವೇಕವನ್ನು ತೋಟದ ವಿನ್ಯಾಸದಲ್ಲಿಯೇ ಅಡಗಿಸಿಟ್ಟರು. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಕೆಳದಿಯನ್ನು ಆಳಿದ ಶಿವಪ್ಪನಾಯಕನ ಶಿಸ್ತು ಎಂಬ ಹೆಸರಾಂತ ಭೂಕಂದಾಯದ ಏರ್ಪಾಡು ಅಡಕೆಯ ತೋಟಕ್ಕೆ ಕಂದಾಯವನ್ನು ಸಾವಿರ ಮರದ ಲೆಕ್ಕದಲ್ಲಿ ಕಟ್ಟಿತೆಂಬುದನ್ನು ನೆನೆದರೆ, ಒಂದೊಂದು ಮರದ ಆರೋಗ್ಯವೂ ಬೆಳೆಗಾರನಿಗೆ ಎಷ್ಟು ಮುಖ್ಯವಾಗಿತ್ತೆಂಬುದು ತಾನೇ ವಿದಿತವಾಗುವುದು. 1801ರಲ್ಲಿ ನಗರ ಕವಲೇದುರ್ಗಗಳ ಮಾರ್ಗವಾಗಿ ಶಿವಮೊಗ್ಗೆಗೂ ಅಲ್ಲಿಂದ ಕೂಡಲಿಗೂ ಬಂದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಗ್ರಂಥದಲ್ಲಿ ಈ ಸೀಮೆಯ ತೋಟಗಾರಿಕೆಯನ್ನು ಸವಿವರವಾಗಿ ದಾಖಲಿಸಿದನು. ಎರಡು ಗುಡ್ಡಗಳ ನಡುವಣ ಕಣಿವೆಯನ್ನು ಆರಿಸಿ, ಮರದ ಸಾಲುಗಳ ಮಧ್ಯೆ ಕಪ್ಪು ಎಂದು ಕರೆಯುವ ಬಸಿಗಾಲುವೆಗಳನ್ನು ತೋಡಿ, ಸೊಪ್ಪಿನಬೆಟ್ಟದಿಂದ ಹಸುರುಸೊಪ್ಪನ್ನು ಹೊತ್ತುತಂದು ಬುಡಕ್ಕೆ ಹೊದಿಸಿ, ಕೆಲವು ವರ್ಷಗಳಿಗೊಮ್ಮೆ ಹೊಸಮಣ್ಣನ್ನು ಏರಿಸಿ, ನೈಋತ್ಯದ ಇಳಿಬಿಸಿಲು ತಾಗುವ ಕಾಂಡಗಳಿಗೆ ಒಣಸೋಗೆಯನ್ನು ಸುತ್ತುವ ಪದ್ಧತಿಗಳನ್ನು ಕೇವಲ ಕೃಷಿಕ್ರಮವೆಂದು ಓದುವುದು ವಾಡಿಕೆ. ಅವನ್ನು ರೋಗಶಾಸ್ತ್ರವೆಂದು ಓದಿದರೆ ಹೊಸ ಅರ್ಥ ತೆರೆದುಕೊಳ್ಳುತ್ತದೆ. ಕಪ್ಪಿನ ಹೂಳೆತ್ತದ ವರ್ಷ ಸೋಗೆ ಹಳದಿಯಾಗುವುದನ್ನೂ, ಸೊಪ್ಪು ತಪ್ಪಿದ ವರ್ಷ ಹಳೆಯ ಎಲೆಗಳು ಮೊದಲು ಬಣ್ಣಗೆಡುವುದನ್ನೂ ತಲೆಮಾರುಗಳಿಂದ ಕಂಡವರು, ಕಂಡದ್ದನ್ನು ಬರೆದಿಡದೆ ದುಡಿಮೆಯ ಪಂಚಾಂಗವನ್ನಾಗಿ ಮಾಡಿಕೊಂಡರು.

ಆದರೆ ಇವರ ಪಂಚಾಂಗಕ್ಕೂ ನಿಲುಕದ ಒಂದು ವೈರಿ ಆಷಾಢದ ಮಳೆಯೊಡನೆ ಬರುತ್ತಿತ್ತು. ಜೂನ್ ಕಳೆದು ಮೋಡ ಕವಿದು ಬಿಸಿಲೇ ಕಾಣದ ವಾರಗಳಲ್ಲಿ ಎಳೆಗಾಯಿಗಳ ತೊಟ್ಟಿನ ಬಳಿ ನೀರು ಹೀರಿದಂಥ ಕಲೆ ಕಾಣಿಸಿಕೊಂಡು, ಕಾಯಿ ಹೊಳಪುಗೆಟ್ಟು, ಬೆಳ್ಳನೆಯ ಬೂಷ್ಟು ಹೊದ್ದು ರಾಶಿರಾಶಿಯಾಗಿ ಉದುರತೊಡಗುತ್ತಿದ್ದುವು, ಇದೇ ಕೊಳೆರೋಗ. ಮಳೆ ಮುಗಿಯುವ ವೇಳೆಗೆ ಅದೇ ಕೊಳೆ ಮರದ ಸುಳಿಗೂ ಇಳಿದರೆ, ಎಳೆಯ ಸೋಗೆ ಹಳದಿಗೂಡಿ, ಹಿಡಿದೆಳೆದರೆ ದುರ್ಗಂಧದೊಡನೆ ಕೈಗೇ ಬರುತ್ತಿತ್ತು. ಆ ಮರ ಮತ್ತೆ ಚಿಗುರುವ ಆಸೆಯಿರಲಿಲ್ಲ. ಬೆಳೆಗಾರರು ಇದಕ್ಕೆ ಕಂಡುಕೊಂಡ ಉಪಾಯ ಕೊಟ್ಟೆ ಕಟ್ಟುವುದು. ಹಾಳೆಯಿಂದಲೋ ಹುಲ್ಲಿನಿಂದಲೋ ಹೆಣೆದ ಹೊದಿಕೆಯನ್ನು ಮಳೆಗೆ ಮುಂಚೆ ಪ್ರತಿಯೊಂದು ಗೊನೆಯ ಮೇಲೂ ಕವಿಚಿ ಬಿಗಿಯುವ ಈ ಕೆಲಸದಲ್ಲಿ, ಸಾಗರದ ಸೀಮೆಯವರು ಕೊನೆಗೌಡನೆಂದು ಕರೆಯುವ ಮರಹತ್ತುವವನ ಜಾಣ್ಮೆಯೇ ಸರ್ವಸ್ವವಾಗಿತ್ತು. ಒಂದು ಮರದಿಂದ ಇಳಿಯದೆ ಇನ್ನೊಂದು ಮರಕ್ಕೆ ಬಾಗಿ ದಾಟುವ ಅವನ ಸಾಹಸವನ್ನು ನೋಡದವನಿಗೆ ಅಡಕೆಯ ದರ ಏಕೆ ಹಾಗಿರಬೇಕೆಂಬುದು ತಿಳಿಯದು. ಕೊಟ್ಟೆಯನ್ನು ಮೊದಲು ಕಟ್ಟಿದವನಿಗೆ ಸೂಕ್ಷ್ಮಜೀವಿಯ ಕಲ್ಪನೆಯೇ ಇರಲಿಲ್ಲವಾದರೂ, ಗೊನೆಯ ಮೇಲೆ ನೀರು ನಿಲ್ಲದಿದ್ದರೆ ಕೊಳೆ ಬಾರದೆಂಬ ಅವನ ತೀರ್ಮಾನ ನಿರ್ದುಷ್ಟವಾಗಿತ್ತು.

ಆ ತೀರ್ಮಾನಕ್ಕೆ ಕಾರಣವನ್ನು ಒದಗಿಸಿದವರು ಲೆಸ್ಲಿ ಕೋಲ್ಮನ್. ಕೆನಡಾ ದೇಶದಲ್ಲಿ ಹುಟ್ಟಿ, ಜರ್ಮನಿಯ ಗಟಿಂಗೆನ್ನಿನಲ್ಲಿ ಓದಿ, 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರತಜ್ಞರಾಗಿಯೂ ಕೀಟತಜ್ಞರಾಗಿಯೂ ಬಂದ ಈ ಮಹನೀಯರು, ಮುಂದೆ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು; ಭದ್ರೆಯ ಮೇಲ್ದಂಡೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿಯ ಸಂಶೋಧನಕೇಂದ್ರ ಏರ್ಪಟ್ಟದ್ದೂ ಅವರ ಕಾಲದಲ್ಲಿಯೇ. ಮಲೆನಾಡಿನ ತೋಟಗಳನ್ನು ಮಳೆಗಾಲದಲ್ಲಿ ಪರೀಕ್ಷಿಸಿ 1910ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕೊಳೆರೋಗಕ್ಕೆ ಕಾರಣ ಫೈಟಾಫ್ತೊರ ಕುಲದ, ಶಿಲೀಂಧ್ರವನ್ನು ಹೋಲುವ ಜೀವಿಯೆಂಬುದನ್ನು ಅವರು ಸ್ಥಿರಪಡಿಸಿದರು. 1845ರಿಂದಾಚೆಗೆ ಐರ್ಲೆಂಡಿನ ಆಲೂಗೆಡ್ಡೆಯನ್ನು ನಾಶಮಾಡಿ ಲಕ್ಷಾಂತರ ಜನರನ್ನು ಕ್ಷಾಮಕ್ಕೆ ನೂಕಿದ ರೋಗಕಾರಕವೂ ಇದೇ ಕುಲಕ್ಕೆ ಸೇರಿದ್ದು. ಇದರ ಬೀಜಾಣುಗಳು ನೀರಿನ ತೆಳುಪದರದಲ್ಲಿ ಈಜಬಲ್ಲವು. ಗಾಳಿಗೂಡಿದ ಮಳೆಯ ಹನಿಯೇ ಅವಕ್ಕೆ ವಾಹನ. ಫ್ರಾನ್ಸಿನಲ್ಲಿ ಮಿಲಾರ್ಡೆ ಎಂಬ ವಿದ್ವಾಂಸನು ದ್ರಾಕ್ಷಿಯ ರೋಗವೊಂದಕ್ಕೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವನ್ನು 1885ರಲ್ಲಿ ಪ್ರಚಾರಪಡಿಸಿದ್ದನಷ್ಟೆ. ಅದೂ ಇದೇ ಬಂಧುವರ್ಗದ ರೋಗವಾಗಿದ್ದುದರಿಂದ, ಬೋರ್ಡೋ ಪಟ್ಟಣದ ಹೆಸರನ್ನು ಹೊತ್ತ ಆ ದ್ರಾವಣ ತುಂಗಾತೀರದಲ್ಲಿಯೂ ಫಲಿಸಿತು.

ದ್ರಾವಣವನ್ನು ಸಿದ್ಧಪಡಿಸುವ ಕ್ರಮವೂ ಕ್ರಮೇಣ ಮಲೆನಾಡಿನ ಮನೆಮಾತಾಯಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯತಕ್ಕದ್ದು. ಕಬ್ಬಿಣದ ಪಾತ್ರೆ ವರ್ಜ್ಯ. ಪಾಕ ಸರಿಯಾಯಿತೇ ಎಂದು ತಿಳಿಯಲು ಮಸೆದ ಚಾಕುವನ್ನು ಅದರಲ್ಲಿ ಅದ್ದಿ ತೆಗೆದರೆ, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದ ಪಕ್ಷದಲ್ಲಿ ಸುಣ್ಣ ಸಾಲದೆಂದು ಅರ್ಥ. ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡದ ಅಂಟನ್ನು ಬೆರೆಸುವುದೂ ರೂಢಿಗೆ ಬಂತು. ಮುಂಗಾರಿಗೆ ಮುಂಚೆ ಒಂದಾವರ್ತಿ, ನಲವತ್ತು ನಲವತ್ತೈದು ದಿನಗಳ ಮೇಲೆ ಮತ್ತೊಂದಾವರ್ತಿ ಔಷಧಿ ಹೊಡೆಯುವ ಈ ಕ್ರಮ ನೂರು ವರ್ಷಗಳನ್ನು ಮೀರಿ ನಡೆದುಬಂದಿದೆ. ಕೊಟ್ಟೆಯನ್ನು ಕಟ್ಟುತ್ತಿದ್ದ ಕೈಯೇ ಔಷಧಿಯ ನಳಿಗೆಯನ್ನೂ ಹಿಡಿಯಿತೆಂಬುದು ಇಲ್ಲಿ ಗಮನಿಸತಕ್ಕ ಸಂಗತಿ; ಪ್ರಯೋಗಶಾಲೆಯ ವಿದ್ಯೆ ಮರದ ತುದಿಗೆ ಏರಿದ್ದು ಕೊನೆಗೌಡನ ಹೆಗಲಿನ ಮೇಲೆ.

ಕೊಳೆರೋಗ ಕಾಯಿಯಲ್ಲಿ ತನ್ನ ಗುರುತನ್ನು ಬಿಟ್ಟುಹೋಗುವುದರಿಂದ ಅದರ ನಿದಾನ ಸುಲಭ. ಅಣಬೆರೋಗದ ವಿಷಯ ಹಾಗಲ್ಲ. ಬೇಸಗೆಯಲ್ಲಿ ನೀರು ಕಾಣದ ಮರದಂತೆಯೇ ಕೆಳಸುತ್ತಿನ ಸೋಗೆಗಳು ಹಳದಿಯಾಗಿ ಜೋತುಬೀಳುವವು. ಬೆಳೆಗಾರನು ನೀರು ಸಾಲದೆಂದು ಭಾವಿಸಿ ಇನ್ನಷ್ಟು ಹಾಯಿಸುವನು. ಒದ್ದೆಯಾದ ಮಣ್ಣಿನಲ್ಲಿ ಶಿಲೀಂಧ್ರವು ಇನ್ನಷ್ಟು ಹಬ್ಬುವುದು. ಕಾಂಡದ ಬುಡದಲ್ಲಿ ಕಂದುಬಣ್ಣದ ರಸ ಒಸರಿ, ಕಡೆಗೊಂದು ದಿನ ಗ್ಯಾನೊಡರ್ಮವೆಂಬ ಮರಗಟ್ಟಿದ ಅಣಬೆ ಅಲ್ಲಿಯೇ ಮೂಡುವ ವೇಳೆಗೆ ಬೇರುಗಳು ಸತ್ತು ಬಹುಕಾಲ ಸಂದಿರುತ್ತದೆ. ಈ ರೋಗವನ್ನೂ ಕೋಲ್ಮನ್ನರು ಪರಿಶೀಲಿಸಿದರು. ಅವರ ತರುವಾಯ ಸಂಸ್ಥಾನದ ಇಲಾಖೆಯ ಎಸ್. ವಿ. ವೆಂಕಟರಾಯನ್ ಅವರು ಅಡಕೆ ತೆಂಗುಗಳ ಮೇಲೆ ಈ ಶಿಲೀಂಧ್ರದ ಜೀವನಕ್ರಮವನ್ನು ವಿವೇಚಿಸಿ 1936ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ರೋಗ ಮಣ್ಣಿನೊಳಗೆ ಬೇರಿನಿಂದ ಬೇರಿಗೆ ದಾಟುತ್ತದೆಂದು ಗೊತ್ತಾದ ಮೇಲೆ, ಸತ್ತ ಮರವನ್ನು ಬುಡಸಮೇತ ಕಿತ್ತು ಸುಟ್ಟು, ಸುತ್ತಲೂ ಅಗಳು ತೋಡಿ ಉಳಿದ ಮರಗಳಿಂದ ಬೇರ್ಪಡಿಸುವುದೇ ಸರಿಯಾದ ಮಾರ್ಗವೆಂದು ನಿಶ್ಚಯವಾಯಿತು. ಹಳದಿ ಸೋಗೆಯ ಎದುರು ನಿಂತವನು ಮೊದಲು ತಲೆಯೆತ್ತುವುದಕ್ಕೆ ಬದಲಾಗಿ ಬಗ್ಗಿ ನೋಡಬೇಕೆಂಬ ಪಾಠವನ್ನು ಕಲಿಸಿದ್ದು ಈ ರೋಗ.

ಅದೇ ಪಾಠವನ್ನು ಭದ್ರಾವತಿಯ ನೆಲ ಇನ್ನೊಂದು ರೀತಿಯಲ್ಲಿ ಕಲಿಸಿತು. ಬೆಂಕಿಪುರವೆಂಬ ಸಣ್ಣ ಊರಾಗಿದ್ದ ಈ ಸ್ಥಳ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಕಬ್ಬಿಣದ ಪಟ್ಟಣವಾಗಿ, 1923ರಲ್ಲಿ ಅಲ್ಲಿಯ ಊದುಕುಲುಮೆ ಕಾಡಿನ ಇದ್ದಲಿನಿಂದ ಉರಿಯತೊಡಗಿದುದು ಎಲ್ಲರೂ ಬಲ್ಲ ಕಥೆ. ಆ ಕಥೆಯ ನೆರಳಿನಲ್ಲಿ ಮರೆಯಾದದ್ದು ನೀರಿನ ಕಥೆ. ಗೊಂದಿಯ ಅಣೆಕಟ್ಟೆಯ ಕಾಲುವೆಗಳು ಮೊದಲೇ ಗದ್ದೆಗಳನ್ನು ತಣಿಸುತ್ತಿದ್ದುವು. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣವಾದ ಮೇಲೆ ನಾಲೆಗಳು ಬಯಲಿನ ಉದ್ದಗಲಕ್ಕೂ ಹರಿದುವು. ಬತ್ತ ಕಬ್ಬುಗಳಿಗೆಂದು ಬಂದ ನೀರು, ಅಡಕೆಯ ಧಾರಣೆ ಏರಿದಂತೆ, ಅಡಕೆಗೆ ತಿರುಗಿತು. ಕಣಿವೆಯ ಮರ ಬಯಲಿಗೆ ಇಳಿಯಿತು. ಬತ್ತದ ಗದ್ದೆಯ ಮಣ್ಣನ್ನು ತಲೆಮಾರುಗಳಿಂದ ಕೆಸರು ಮಾಡಿ ತುಳಿದು ನೀರು ನಿಲ್ಲುವಂತೆ ಗಟ್ಟಿಗೊಳಿಸಿರುತ್ತಾರೆ. ಬತ್ತಕ್ಕೆ ಅದೇ ಗುಣ, ಅಡಕೆಗೆ ಅದೇ ದೋಷ.

ಇಂಥ ನೆಲದಲ್ಲಿ ಹೆಚ್ಚಾಗಿ ಕಾಣಿಸಿಕೊಂಡದ್ದು ಹಿಡಿಮುಂಡಿಗೆ. ಸೋಗೆಗಳು ಗಿಡ್ಡವಾಗಿ, ಕಡುಹಸುರಾಗಿ, ಮುದುರಿ, ಒಂದರ ಮೇಲೊಂದು ಒತ್ತಾಗಿ ಕೂತು ಮರದ ತಲೆ ಪೊರಕೆಯನ್ನು ನಿಲ್ಲಿಸಿದಂತೆ ತೋರುವುದು. ಗೆಣ್ಣುಗಳ ಅಂತರ ಕುಗ್ಗಿ ಕಾಂಡದ ತುದಿ ಮೊನಚಾಗುವುದು. ಸಿಂಗಾರ ಹೊರಬರದೆ ಫಲವೇ ನಿಲ್ಲುವುದು. ಬೇರನ್ನು ತೋಡಿ ನೋಡಿದರೆ ಅದು ಪೆಡಸಾಗಿ ಮುರಿದುಬೀಳುತ್ತದೆ. ಇದಕ್ಕೆ ಶಿಲೀಂಧ್ರವನ್ನಾಗಲಿ ಕೀಟವನ್ನಾಗಲಿ ಹೊಣೆಮಾಡಲಾಗದೆ, ನೀರು ಬಸಿಯದ ಗಟ್ಟಿಯಾದ ಕೆಳಮಣ್ಣನ್ನೂ ಪೋಷಕಾಂಶಗಳ ಕೊರತೆಯನ್ನೂ ಕಾರಣವಾಗಿ ಎಣಿಸಿದರು. ಆಳವಾದ ಬಸಿಗಾಲುವೆ ತೆಗೆದು ಕೆಳಪದರವನ್ನು ಒಡೆಯುವುದು ಇದಕ್ಕೆ ಮೊದಲ ಚಿಕಿತ್ಸೆ. ಪಶ್ಚಿಮದ ಕಣಿವೆಯಲ್ಲಿ ಹಿರಿಯರು ಮರ ನೆಡುವುದಕ್ಕೆ ಮುಂಚೆ ತೋಡುತ್ತಿದ್ದ ಕಪ್ಪನ್ನು ಭದ್ರಾವತಿಯ ಬಯಲಿನಲ್ಲಿ ಮರ ಕೆಟ್ಟ ಮೇಲೆ ತೋಡಬೇಕಾಯಿತು. ತೋಟ ಸ್ಥಳಾಂತರವಾದಾಗ ಅದರ ಹಿಂದಿನ ಅನುಭವವೂ ಜೊತೆಗೆ ಬರದಿದ್ದರೆ ಆಗುವ ನಷ್ಟಕ್ಕೆ ಇದು ನಿದರ್ಶನ.

ಇಷ್ಟರವರೆಗೆ ಹೇಳಿದ ಕೇಡುಗಳೆಲ್ಲ ಕಣ್ಣಿಗೋ ಸೂಕ್ಷ್ಮದರ್ಶಕಕ್ಕೋ ಸಿಕ್ಕತಕ್ಕವು. ಹಳದಿಯೆಲೆರೋಗವೆಂದೇ ಹೆಸರು ಪಡೆದ ವ್ಯಾಧಿ ಮಾತ್ರ ಬಹುಕಾಲ ಎಲ್ಲರ ಕೈಯನ್ನೂ ತಪ್ಪಿಸಿಕೊಂಡಿತು. 1914ರ ಸುಮಾರಿಗೆ ಕೇರಳದಲ್ಲಿ ಗಮನಕ್ಕೆ ಬಂದು, ಮುಂದೆ ಶೃಂಗೇರಿ ಕೊಪ್ಪಗಳ ಕಡೆಯ ತೋಟಗಳನ್ನೂ ಸುಳ್ಯದ ಕಡೆಯ ತೋಟಗಳನ್ನೂ ಬರಿದುಮಾಡಿದ ಈ ರೋಗದ ಲಕ್ಷಣಗಳನ್ನು ತಜ್ಞರು ಹೀಗೆ ನಿರೂಪಿಸುತ್ತಾರೆ: ಹೊರಸುತ್ತಿನ ಎರಡು ಮೂರು ಸೋಗೆಗಳಲ್ಲಿ ಗರಿಯ ತುದಿಯಿಂದ ಹಳದಿ ಆರಂಭವಾಗಿ ನಡುವಿನತ್ತ ಸರಿಯುವುದು, ನಡುನರದ ಇಕ್ಕೆಲದಲ್ಲಿ ಹಸುರುಪಟ್ಟಿ ಸ್ಪಷ್ಟವಾದ ಗೆರೆಯಿಂದ ಬೇರ್ಪಟ್ಟು ಉಳಿಯುವುದು, ಬೇರಿನ ತುದಿ ಕಪ್ಪಾಗುವುದು, ಕಾಯಿ ಉದುರುವುದು, ಉಳಿದ ಕಾಯಿಯ ತಿರುಳು ಮೆತ್ತಗಾಗಿ ಬಣ್ಣಗೆಡುವುದು. ಸಾರ ಸಾಲದ ಮರದ ಹಳದಿಗೆ ಗೊಬ್ಬರ ಹಾಕಿದರೆ ಬಣ್ಣ ಮರಳುತ್ತದೆ, ಇದಕ್ಕೆ ಮರಳದು. 1949ರಲ್ಲಿ ಸ್ಥಾಪಿತವಾದ ಭಾರತೀಯ ಕೇಂದ್ರ ಅಡಕೆ ಸಮಿತಿಯೂ, 1956ರಲ್ಲಿ ವಿಟ್ಲದಲ್ಲಿ ತೆರೆದ ಸಂಶೋಧನಕೇಂದ್ರವೂ, ಅದನ್ನು ಮುಂದೆ ಒಳಗೊಂಡ ಕಾಸರಗೋಡಿನ ಸಂಸ್ಥೆಯೂ ಇದರ ಬೆನ್ನು ಹತ್ತಿದುವು.

ಇದರ ಕಾರಣ ಹೊಳೆದದ್ದು ಬೇರೊಂದು ಮರದ ದಾರಿಯಿಂದ. ಆ ಮರ ಶಿವಮೊಗ್ಗೆಗೆ ಅಪರಿಚಿತವಾದುದಲ್ಲ: ಅದು ಶ್ರೀಗಂಧ, ಅದರ ಎಣ್ಣೆ ತೆಗೆಯುವ ಸರ್ಕಾರಿ ಕಾರ್ಖಾನೆ ಈ ಊರಿನಲ್ಲಿ 1944ರಲ್ಲಿ ಸ್ಥಾಪನೆಯಾಯಿತು. ಗಂಧದ ಎಲೆಗಳು ದಿನೇ ದಿನೇ ಕಿರಿದಾಗಿ, ಕೊಂಬೆಗೆ ಸೆಟೆದು ನಿಂತು ಮುಳ್ಳಿನ ಗೊಂಚಲಿನಂತಾಗಿ ಮರವೇ ಸಾಯುವ ಸ್ಪೈಕ್ ರೋಗ 1899ರಲ್ಲಿ ಕೊಡಗಿನಲ್ಲಿ ವರದಿಯಾಗಿ, ಕೆಲವೇ ವರ್ಷಗಳಲ್ಲಿ ಮೈಸೂರು ಸೀಮೆಯ ಗಂಧದ ಸಂಪತ್ತನ್ನು ಕಬಳಿಸತೊಡಗಿತು. ಕಾಳ್ಗಿಚ್ಚು, ಲಂಟಾನದ ಪೊದೆ, ಬೇರಿನ ದೌರ್ಬಲ್ಯ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದಾಗ, ರೋಗದ ಕಡ್ಡಿಯನ್ನು ಆರೋಗ್ಯದ ಗಿಡಕ್ಕೆ ಕಸಿಮಾಡಿ ರೋಗವನ್ನು ಹಬ್ಬಿಸಿ ತೋರಿಸಿ, ಇದು ಅಂಟುವ ವ್ಯಾಧಿಯೆಂದು 1917ರಲ್ಲಿ ಸಿದ್ಧಪಡಿಸಿದವರು ಮತ್ತೆ ಅದೇ ಕೋಲ್ಮನ್. ಆದರೆ ಅಂಟಿಸುವ ಜೀವಿ ಯಾವುದೆಂಬುದನ್ನು ಕಾಣಿಸುವ ಯಂತ್ರ ಆಗ ಇರಲಿಲ್ಲ. 1967ರಲ್ಲಿ ಜಪಾನಿನ ವಿಜ್ಞಾನಿಗಳು ಹಿಪ್ಪುನೇರಳೆಯ ಕುಬ್ಜರೋಗದ ಎಲೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಆಹಾರನಾಳದೊಳಗೆ ಕೋಶಭಿತ್ತಿಯಿಲ್ಲದ ಅತಿಸೂಕ್ಷ್ಮ ಜೀವಿಗಳನ್ನು ಕಂಡರು. ಇಂದು ಅವನ್ನು ಫೈಟೋಪ್ಲಾಸ್ಮ ಎನ್ನುತ್ತಾರೆ. ಎರಡೇ ವರ್ಷಗಳಲ್ಲಿ, 1969ರಲ್ಲಿ, ಮೂರು ತಂಡಗಳು ಪ್ರತ್ಯೇಕವಾಗಿ ಗಂಧದ ರೋಗದಲ್ಲಿಯೂ ಅವನ್ನು ಗುರುತಿಸಿದುವು. 1978ರಲ್ಲಿ ಅಡಕೆಯ ಹಳದಿಯೆಲೆಯಲ್ಲಿಯೂ ಅವು ಇರುವುದು ಪ್ರಕಟವಾಯಿತು. ಜಿಗಿಹುಳುವಿನ ಬಾಯಿಂದ ಮರದಿಂದ ಮರಕ್ಕೆ ಸಾಗುವ ಈ ಜೀವಿಗೆ ತೋಟದಲ್ಲಿ ಹೊಡೆಯತಕ್ಕ ನೇರವಾದ ಔಷಧಿ ಇಲ್ಲ. ತಾಳಿಕೆಯುಳ್ಳ ಮರಗಳನ್ನು ಆರಿಸಿ ಬೆಳೆಸುವುದು, ಪೋಷಣೆಯಿಂದ ಮರವನ್ನು ಉಳಿಸಿಕೊಳ್ಳುವುದು, ಇವೇ ಉಳಿದ ಮಾರ್ಗಗಳು.

ಈಚಿನ ವರ್ಷಗಳಲ್ಲಿ ಹೊಸನಗರ ತೀರ್ಥಹಳ್ಳಿಗಳ ತೋಟಗಳನ್ನು ಎಲೆಚುಕ್ಕಿರೋಗ ಕಂಗೆಡಿಸಿದೆ. ಹಳದಿಯ ಅಂಚುಳ್ಳ ಕಂದುಚುಕ್ಕಿಗಳು ಒಂದರೊಡನೊಂದು ಸೇರಿ ಸೋಗೆ ಸುಟ್ಟಂತಾಗುವ ಈ ರೋಗದಲ್ಲಿ ಮಾತ್ರ ಎಲೆಯೇ ಶಿಲೀಂಧ್ರದ ನೆಲೆ. ಕೊಲೆಟೊಟ್ರೈಕಮ್ ಮೊದಲಾದುವು ಇದರ ಕಾರಕಗಳು. ಇಲ್ಲಿಯೂ ಎಲೆಯೊಂದನ್ನೇ ನೋಡಿದರೆ ಸಾಲದು: ಬಿದ್ದ ರೋಗದ ಸೋಗೆಯನ್ನು ತೋಟದಲ್ಲಿಯೇ ಬಿಟ್ಟರೆ ಅದೇ ಮುಂದಿನ ಮಳೆಗೆ ರೋಗದ ಬಿತ್ತನೆಯಾಗುತ್ತದೆ, ಒಬ್ಬನು ಔಷಧಿ ಹೊಡೆದು ನೆರೆಯವನು ಸುಮ್ಮನಿದ್ದರೆ ಗಾಳಿಮಳೆ ಬೇಲಿಯನ್ನು ಲೆಕ್ಕಿಸದು. 2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪಿತವಾಗಿ ಈಗ ಕೆಳದಿ ಶಿವಪ್ಪನಾಯಕನ ಹೆಸರನ್ನು ಹೊತ್ತಿರುವ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಬೆಳೆಗಾರರು ಈ ಚುಕ್ಕಿಯ ಸೋಗೆಗಳನ್ನೇ ಹಿಡಿದು ಬರುತ್ತಾರೆ. ನರ್ಸರಿಯ ಚೀಲದ ಸಸಿಯನ್ನೂ ಮನೆಯಂಗಳದ ಕುಂಡದ ಗಿಡವನ್ನೂ ಕುರಿತು ಕೇಳುವವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಎಲೆಯ ಅಂಚು ಒಣಗಿದರೆ ಬಿಸಿಲನ್ನೂ ನೀರನ್ನೂ ವಿಚಾರಿಸಬೇಕು, ಎಲೆಯಡಿಯನ್ನು ಮಗುಚಿ ನುಸಿಯನ್ನು ಹುಡುಕಬೇಕು, ಕುಂಡದ ತಳದ ರಂಧ್ರ ಮುಚ್ಚಿದೆಯೇ ಎಂದು ನೋಡಬೇಕು. ಇವಿಷ್ಟೂ ಆದ ಮೇಲೆ ಔಷಧಿಯ ಮಾತು.

ಈ ದೀರ್ಘಚರಿತ್ರೆಯಿಂದ ಒಂದು ವ್ಯಾವಹಾರಿಕ ನಿರ್ಣಯಕ್ಕೆ ಬರುವುದು ಅಶಕ್ಯವಲ್ಲ. ಒಂದು ಮರ ಇಂದು ಹಳದಿಯಾಗಿದೆ ಎಂಬಷ್ಟು ವಿಷಯದಿಂದ ಯಾವ ಪಂಡಿತನೂ ನಿದಾನ ಮಾಡಲಾರನು. ಅದು ಯಾವ ಮಾಸದಲ್ಲಿ ತೊಡಗಿತು, ಮೇಲಿನ ಸೋಗೆಯಿಂದಲೋ ಕೆಳಗಿನದರಿಂದಲೋ, ನೆರೆಯ ಮರಕ್ಕೆ ಯಾವ ದಿಕ್ಕಿನಿಂದ ಹಬ್ಬಿತು, ಆ ವರ್ಷ ಕಪ್ಪಿನ ಹೂಳೆತ್ತಿದ್ದರೇ ಎಂಬುವು ತಿಳಿದರೆ ಅರ್ಧ ನಿದಾನ ಆದಂತೆಯೇ. ಹಿಂದೆ ಈ ನೆನಪನ್ನು ಕೂಡುಕುಟುಂಬದ ಹಿರಿಯರೂ ವರ್ಷವರ್ಷವೂ ಅದೇ ತೋಟಕ್ಕೆ ಏರುತ್ತಿದ್ದ ಕೊನೆಗೌಡರೂ ಹೊತ್ತಿದ್ದರು. ಈಗ ಮಕ್ಕಳು ಬೆಂಗಳೂರಿನಲ್ಲಿ, ಮರ ಹತ್ತುವವರು ದುರ್ಲಭ, ಉದ್ದನೆಯ ದೋಟಿ ನೆಲದಿಂದಲೇ ಔಷಧಿಯನ್ನು ಮುಟ್ಟಿಸುತ್ತದೆ. ಕೈಯ ಕೆಲಸವನ್ನು ದೋಟಿ ಮಾಡೀತು. ಹತ್ತಿರದಿಂದ ಸುಳಿಯನ್ನು ಕಂಡು ಬಂದು ಹೇಳುವ ಕೆಲಸವನ್ನು ಅದು ಮಾಡದು. ಆದಕಾರಣ ಸಾವಿರ ಮರಕ್ಕೆ ಕಂದಾಯ ಕಟ್ಟಲು ಶಿವಪ್ಪನಾಯಕನು ಇಡಿಸಿದಂಥ ಲೆಕ್ಕವನ್ನು ಇಂದಿನ ಬೆಳೆಗಾರನು ತನ್ನ ಮರಗಳ ಆರೋಗ್ಯಕ್ಕಾಗಿ ತಾನೇ ಇಡತಕ್ಕದ್ದು; ಮರಕ್ಕೊಂದು ಸಂಖ್ಯೆ, ವರ್ಷಕ್ಕೊಂದು ಪುಟ. ಅಂಥ ಪುಸ್ತಕಗಳು ಹತ್ತು ಊರುಗಳಲ್ಲಿ ಹತ್ತು ವರ್ಷ ತುಂಬಿದರೆ, ಮುಂದೆ ಯಾವ ಹೊಸ ಹಳದಿ ಬಂದರೂ ಅದರ ಮೂಲವನ್ನು ಹುಡುಕುವವರು ಮೊದಲಿನಿಂದ ಆರಂಭಿಸಬೇಕಾಗಿ ಬಾರದು.